ಆ ವಾಸನೆ ಕ್ಲೋರಿನ್‌ದಲ್ಲ, ನಮ್ಮದು

[1/8] ವಾಸನೆ

ಒಳಾಂಗಣ ಈಜುಕೊಳದ ಬಾಗಿಲು ತೆರೆದ ತಕ್ಷಣ ಮೂಗಿಗೆ ಹೊಡೆಯುತ್ತಲ್ಲ, ಆ ವಾಸನೆ ನಿಮಗೆ ಗೊತ್ತು. ಕಣ್ಣು ಸ್ವಲ್ಪ ಉರಿಯುತ್ತೆ, ಗಂಟಲು ಕೆರೆಯುತ್ತೆ. ಆಗ ಎಲ್ಲರೂ ಹೇಳೋ ಮಾತು ಒಂದೇ: "ಪರವಾಗಿಲ್ಲ, ಚೆನ್ನಾಗಿ ಕ್ಲೋರಿನ್ ಹಾಕಿದಾರೆ. ನೀರು ಕ್ಲೀನಾಗಿದೆ."

ತಪ್ಪು. ಪೂರ್ತಿ ತಲೆಕೆಳಗು.

ಕೊಳಕ್ಕೆ ಕ್ಲೋರಿನ್ ಹಾಕೋದು ರೋಗಾಣು ಕೊಲ್ಲೋದಕ್ಕೆ. ಆದರೆ ನೀರಿಗೆ ನಾವು ಇಳಿದಾಗ ನಮ್ಮ ಜೊತೆ ಬೆವರು, ಚರ್ಮದ ಎಣ್ಣೆ, ಪೌಡರು, ಕ್ರೀಮು ಎಲ್ಲ ಇಳಿಯುತ್ತೆ. ಕೆಲವರಿಂದ ಇನ್ನೊಂದೂ ಇಳಿಯುತ್ತೆ, ಅದರ ಮಾತು ಮೂರನೇ ಪೋಸ್ಟ್‌ನಲ್ಲಿ. ಬೆವರಿನಲ್ಲೂ ಮೂತ್ರದಲ್ಲೂ ಯೂರಿಯಾ, ಅಮೋನಿಯಾದಂಥ ಸಾರಜನಕದ ಪದಾರ್ಥಗಳಿವೆ. ಕ್ಲೋರಿನ್ ಅವುಗಳ ಜೊತೆ ಸೇರಿದರೆ ಹುಟ್ಟೋದು ಕ್ಲೋರಮೈನ್. ಮೂಗಿಗೆ ಹೊಡೆಯೋದು ಅದು. ಕಣ್ಣು ಕೆಂಪಾಗಿಸೋದೂ ಬಹುಮಟ್ಟಿಗೆ ಅದೇ.

ಕೊಳ ನೋಡಿಕೊಳ್ಳೋರ ಲೆಕ್ಕದಲ್ಲಿ ಇದಕ್ಕೆ ಎರಡು ಹೆಸರಿದೆ. ಕೆಲಸಕ್ಕೆ ಸಿದ್ಧವಾಗಿ ನೀರಲ್ಲಿರೋದು ಫ್ರೀ ಕ್ಲೋರಿನ್. ನಮ್ಮ ಕೊಳೆಯ ಜೊತೆ ಕಟ್ಟುಬಿದ್ದು, ರೋಗಾಣು ಕೊಲ್ಲೋ ಶಕ್ತಿ ಬಹಳಷ್ಟು ಕಳೆದುಕೊಂಡಿರೋದು ಕಂಬೈನ್ಡ್ ಕ್ಲೋರಿನ್. ಚೆನ್ನಾಗಿ ನೋಡಿಕೊಂಡ ಕೊಳಕ್ಕೆ ಹೆಚ್ಚು ವಾಸನೆಯೇ ಇರಲ್ಲ. ಗಾಢ ವಾಸನೆ ಬರ್ತಿದೆ ಅಂದ್ರೆ ಕ್ಲೋರಿನ್ ರೋಗಾಣು ಬಿಟ್ಟು ನಮ್ಮ ಮೈಕೊಳೆ ತೊಳೆಯೋದರಲ್ಲೇ ಖರ್ಚಾಗ್ತಿದೆ ಅಂತ ಅರ್ಥ.

ಅಂದ್ರೆ ನಾವು ಯಾವುದನ್ನ ಸ್ವಚ್ಛತೆಯ ವಾಸನೆ ಅಂತ ನಂಬಿದ್ದೀವೋ ಅದು ಕೊಳಕಿನ ವಾಸನೆ. ನನ್ನದು, ನಿಮ್ಮದು, ಪಕ್ಕದ ಲೇನ್‌ನಲ್ಲಿ ಈಜುತ್ತಿರೋ ಅಂಕಲ್‌ದು.

ಈ ಸರಣಿಯ ವಾದ ಚಿಕ್ಕದು: ಕೊಳಕ್ಕಿಳಿಯೋ ಮುಂಚೆ ಸ್ನಾನ ಮಾಡದೇ ಇರೋದು ಸೋಮಾರಿತನ ಅಲ್ಲ, ಅನ್ಯಾಯ. ಬೇಜಾರಾದರೂ ಎಂಟೂ ಓದಿ. ಆಮೇಲೆ ಕಮೆಂಟ್‌ನಲ್ಲಿ ಜಗಳ ಆಡೋಣ.

[2/8] ಗಾಳಿ

ಬಯಲಿನ ಕೊಳದಲ್ಲಿ ಈ ಕ್ಲೋರಮೈನ್ ಗಾಳಿಗೆ ಹಾರಿಹೋಗುತ್ತೆ. ಮೇಲೆ ಸೂರು, ಸುತ್ತ ಗೋಡೆ ಇದ್ದರೆ ಎಲ್ಲಿಗೆ ಹೋಗಬೇಕು?

ಕ್ಲೋರಮೈನ್‌ಗಳಲ್ಲಿ ಟ್ರೈಕ್ಲೋರಮೈನ್ ಅನ್ನೋದು ಬೇಗ ಆವಿಯಾಗುತ್ತೆ. ನೀರಿನಿಂದ ಮೇಲೆದ್ದು, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಪದರದ ಹಾಗೆ ನಿಲ್ಲುತ್ತೆ. ಈಜುವವರು ಉಸಿರು ಎಳೆಯೋದು ಎಲ್ಲಿಂದ? ಅಲ್ಲಿಂದಲೇ. ಫ್ರೀಸ್ಟೈಲ್‌ನಲ್ಲಿ ಬಾಯಿ ಪಕ್ಕಕ್ಕೆ ತಿರುಗಿಸಿ ಗಬಕ್ಕನೆ ಎಳೆದುಕೊಳ್ಳೋ ಉಸಿರಿನಲ್ಲಿ ಆ ಪದರವೇ ಒಳಗೆ ಹೋಗುತ್ತೆ. ಮಗು ನಿಮಗಿಂತ ಕುಳ್ಳಗೆ, ಅದರ ಮೂಗು ಇನ್ನೂ ನೀರಿಗೆ ಹತ್ತಿರ.

"ನನಗೇನೂ ಆಗಿಲ್ಲಪ್ಪ" ಅಂತೀರಾ? ನೀವು ಇರೋದು ಒಂದು ಗಂಟೆಯ ಬ್ಯಾಚ್. ಲೈಫ್‌ಗಾರ್ಡ್ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಇರ್ತಾರೆ. ಕೋಚ್ ಬ್ಯಾಚ್ ಮೇಲೆ ಬ್ಯಾಚ್, ಆ ಗಾಳಿಯಲ್ಲೇ ಕೂಗಿ ಕೂಗಿ ಹೇಳಿಕೊಡ್ತಾರೆ. ಬ್ರಿಟನ್ನಿನ ವೈದ್ಯರು 2002ರಲ್ಲಿ ಒಂದು ವರದಿ ಪ್ರಕಟಿಸಿದರು: ಒಳಾಂಗಣ ಕೊಳದಲ್ಲಿ ಕೆಲಸ ಮಾಡ್ತಿದ್ದ ಇಬ್ಬರು ಲೈಫ್‌ಗಾರ್ಡ್‌ಗಳು, ಒಬ್ಬ ಈಜು ಶಿಕ್ಷಕರು. ಮೂವರಿಗೂ ಅಸ್ತಮಾ. ಕಾರಣ, ಕೊಳದ ಗಾಳಿಯಲ್ಲಿದ್ದ ಕ್ಲೋರಮೈನ್. ಅವರು ಮಾಡಿದ ತಪ್ಪು ಏನು? ಕೆಲಸಕ್ಕೆ ಬಂದದ್ದು.

ನಿಮ್ಮ ಕೊಳದ ಲೈಫ್‌ಗಾರ್ಡ್ ಆಗಾಗ ಕೆಮ್ಮೋದನ್ನ ಗಮನಿಸಿದ್ದೀರಾ? ಕಾರಣ ಏನಂತ ವೈದ್ಯರು ಹೇಳಬೇಕು, ನಾನು ಹೇಳಲ್ಲ. ಆದರೆ ಮುಳುಗ್ತಿರೋ ನಿಮ್ಮನ್ನ ಎತ್ತೋಕೆ ಅಂತ ಕೂತಿರೋ ಮನುಷ್ಯನ ಉಸಿರಾಟಕ್ಕೆ ನಾವು ಏನು ಬೆರೆಸ್ತಿದ್ದೀವಿ ಅನ್ನೋದನ್ನ ಯೋಚಿಸೋಕೆ ವೈದ್ಯರು ಬೇಕಾಗಿಲ್ಲ.

[3/8] ಉಚ್ಚೆ

ಹೌದು, ಆ ಪದವನ್ನೇ ಬಳಸ್ತೀನಿ. "ಲಘುಶಂಕೆ" ಅಂತ ಬರೆದರೆ ಕೆಲಸ ಸಣ್ಣದು ಅನ್ನಿಸಿಬಿಡುತ್ತೆ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಒಂದು ಜಾಣ ಲೆಕ್ಕ ಮಾಡಿದರು. ಅಸೆಸಲ್ಫೇಮ್ ಪೊಟ್ಯಾಸಿಯಂ ಅನ್ನೋ ಕೃತಕ ಸಿಹಿ ಇದೆ. ಡಯಟ್ ಡ್ರಿಂಕು, ಬೇಕರಿ ತಿಂಡಿಗಳಲ್ಲಿ ಹಾಕ್ತಾರೆ. ಅದು ದೇಹದಲ್ಲಿ ಕರಗಲ್ಲ, ಹೋದ ಹಾಗೇ ಮೂತ್ರದಲ್ಲಿ ಹೊರಗೆ ಬರುತ್ತೆ. ಕೊಳದ ನೀರಲ್ಲಿ ಆ ಸಿಹಿ ಎಷ್ಟಿದೆ ಅಂತ ಅಳೆದರೆ ಮೂತ್ರ ಎಷ್ಟಿದೆ ಅಂತ ಅಂದಾಜು ಸಿಗುತ್ತೆ. ಎರಡು ನಗರಗಳ 31 ಈಜುಕೊಳ, ಹಾಟ್ ಟಬ್‌ಗಳಿಂದ ನೀರು ತಂದು ನೋಡಿದರು. ಎಲ್ಲದರಲ್ಲೂ ಆ ಸಿಹಿ ಸಿಕ್ಕಿತು. ಸುಮಾರು 8.3 ಲಕ್ಷ ಲೀಟರಿನ ಒಂದು ಕೊಳದಲ್ಲಿ ಇದ್ದದ್ದು ಅಂದಾಜು 75 ಲೀಟರ್ ಮೂತ್ರ.

ಮನೆಗೆ ಬರೋ ನೀರಿನ ಕ್ಯಾನ್ 20 ಲೀಟರ್ ತಾನೇ? ನಾಲ್ಕು ಕ್ಯಾನ್ ಸಾಲಾಗಿ ಇಟ್ಟು ನೋಡಿ.

"ಮಕ್ಕಳು ಮಾಡ್ತಾರೆ ಬಿಡಿ" ಅಂತ ಹೇಳೋರಿಗೆ: ಒಲಿಂಪಿಕ್ಸ್ ಚಿನ್ನಗಳ ಸರದಾರ ಮೈಕೆಲ್ ಫೆಲ್ಪ್ಸ್ 2012ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದು ಏನು ಗೊತ್ತಾ? ಎಲ್ಲರೂ ಕೊಳದಲ್ಲೇ ಮಾಡ್ತಾರೆ, ಕ್ಲೋರಿನ್ ಅದನ್ನ ಕೊಲ್ಲುತ್ತೆ, ಹಾಗಾಗಿ ಏನೂ ಆಗಲ್ಲ ಅಂತ. ಜಗತ್ತಿನಲ್ಲಿ ಅತಿ ಹೆಚ್ಚು ಹೊತ್ತು ನೀರಲ್ಲಿ ಕಳೆದವರಲ್ಲಿ ಒಬ್ಬರ ಮಾತಿದು. ಅದೂ ತಪ್ಪು. ಕ್ಲೋರಿನ್ ಉಚ್ಚೆಯನ್ನ ಕೊಲ್ಲಲ್ಲ, ಅದರ ಜೊತೆ ಸೇರಿ ಮೊದಲ ಪೋಸ್ಟ್‌ನ ವಾಸನೆಯಾಗುತ್ತೆ.

ಮಕ್ಕಳ ವಿಷಯಕ್ಕೆ ಬಂದರೆ, ಮಗುವಿಗೆ ಅರ್ಜೆಂಟ್ ಆದಾಗ ನೀರಿನಿಂದ ಎತ್ತಿ ಟಾಯ್ಲೆಟ್‌ಗೆ ಕರ್ಕೊಂಡು ಹೋಗದೆ, ಸುತ್ತ ಒಮ್ಮೆ ನೋಡಿ, ಕಿವಿಯಲ್ಲಿ "ಇಲ್ಲೇ ಮಾಡಿಬಿಡು ಪುಟ್ಟ" ಅನ್ನೋದು ಯಾರು? ಮಗು ಅಲ್ಲವಲ್ಲ.

[4/8] ಮಡಿ

ಈಗ ನಮ್ಮ ಮನೆ ವಿಷಯ.

ನಾವು ಸ್ನಾನದ ಬೆಲೆ ಗೊತ್ತಿಲ್ಲದ ಜನ ಅಲ್ಲ. ಸ್ನಾನ ಆಗದೆ ಒಲೆ ಹಚ್ಚದ ಮನೆಗಳಿವೆ. ಸ್ನಾನ ಆಗದೆ ದೇವರ ಕೋಣೆಯ ಹೊಸ್ತಿಲು ದಾಟಲ್ಲ. ಸಾವಿನ ಮನೆಯಿಂದ ಬಂದರೆ ಸ್ನಾನ, ಕಟಿಂಗ್ ಶಾಪಿನಿಂದ ಬಂದರೆ ಸ್ನಾನ, ಗ್ರಹಣ ಬಿಟ್ಟರೆ ಸ್ನಾನ. ಹೀಗಿರೋ ನಾವು, ಐವತ್ತು ಜನ ಒಟ್ಟಿಗೆ ಮುಳುಗೋ ನೀರಿಗೆ ಮಾತ್ರ ಬೈಕಿನಿಂದ ಇಳಿದವರೇ, ಬೆವರಿನ ಸಮೇತ, ದಢಾರ್ ಅಂತ ಹಾರ್ತೀವಿ!

ಯಾಕೆ ಹೀಗೆ? ನನಗನ್ನಿಸೋದು ಇಷ್ಟು. ಮಡಿ ಅನ್ನೋದರ ದಿಕ್ಕೇ ಬೇರೆ. ಮಡಿ ಅಂದ್ರೆ ಬೇರೆಯವರಿಂದ ನನ್ನನ್ನು ಕಾಪಾಡಿಕೊಳ್ಳೋದು. ನಾನು ಶುದ್ಧ, ನೀನು ಮುಟ್ಟಬೇಡ. ಕೊಳದ ಸ್ನಾನ ಅದರ ಉಲ್ಟಾ. ನನ್ನಿಂದ ಬೇರೆಯವರನ್ನು ಕಾಪಾಡೋದು. ಮೊದಲನೆಯದನ್ನ ನಮಗೆ ಹುಟ್ಟಿದಾಗಿನಿಂದ ಕಲಿಸಿದಾರೆ. ಎರಡನೆಯದನ್ನ ಯಾರೂ ಕಲಿಸಿಲ್ಲ.

ಐಸ್‌ಲ್ಯಾಂಡ್ ನೋಡಿ. ಅಲ್ಲಿನ ಸಾರ್ವಜನಿಕ ಕೊಳಗಳಲ್ಲಿ ಇಳಿಯೋ ಮುಂಚೆ ಬಟ್ಟೆ ಪೂರ್ತಿ ತೆಗೆದು ಸೋಪು ಹಚ್ಚಿ ಸ್ನಾನ ಮಾಡಲೇಬೇಕು. ತಲೆ, ಕಂಕುಳು, ತೊಡೆಸಂದು, ಪಾದ, ಇಷ್ಟು ಜಾಗ ತೊಳೀರಿ ಅಂತ ಗೋಡೆ ಮೇಲೆ ಚಿತ್ರ ಹಾಕಿ ಗುರುತು ಮಾಡಿರ್ತಾರೆ. ತಪ್ಪಿಸಿಕೊಂಡರೆ ವಾಪಸ್ ಕಳಿಸ್ತಾರೆ. ಅಲ್ಲಿ ಪ್ರಧಾನಿ ಬಂದರೂ ಅದೇ ಶವರ್, ಮೀನುಗಾರ ಬಂದರೂ ಅದೇ ಶವರ್. ಯಾರೂ ಇದನ್ನ ಅವಮಾನ ಅಂದುಕೊಳ್ಳಲ್ಲ. ಎಲ್ಲರಿಗೂ ಒಂದೇ ನಿಯಮ ಆದಾಗ ಅದರಲ್ಲಿ ಮೇಲುಕೀಳು ಉಳಿಯಲ್ಲ.

ನಾಚಿಕೆ ಅಂದ್ರೆ ಬಾಗಿಲಿರೋ ಶವರ್ ಕೊಡಿ ಅಂತ ಕೇಳೋಣ. ನಾಚಿಕೆ ಅಂತ ಸ್ನಾನವನ್ನೇ ಬಿಡೋದು ಪರಿಹಾರ ಅಲ್ಲ.

[5/8] ಯಾರು ಕೊಳಕು?

"ಸ್ವಚ್ಛತೆ" ಅನ್ನೋ ಪದ ನಮ್ಮ ದೇಶದಲ್ಲಿ ಅಪಾಯದ ಪದ. ಅದನ್ನ ಗೊತ್ತಿದ್ದೇ ಬಳಸ್ತಿದ್ದೀನಿ.

1927ರ ಮಾರ್ಚ್ 20. ಮಹಾರಾಷ್ಟ್ರದ ಮಹಾಡ್. ಚವದಾರ್ ಕೆರೆಯನ್ನ ಪುರಸಭೆ ಎಲ್ಲರಿಗೂ ತೆರೆದಿದೆ ಅಂತ ಕಾಗದದ ಮೇಲೆ ಇತ್ತು. ಆದರೂ ದಲಿತರು ಮುಟ್ಟುವಂತಿರಲಿಲ್ಲ. ಅವತ್ತು ಡಾ. ಬಿ.ಆರ್. ಅಂಬೇಡ್ಕರ್ ಮತ್ತು ಅವರ ಜೊತೆ ಬಂದ ಸಾವಿರಾರು ಜನ ಹೋಗಿ ಆ ನೀರು ಕುಡಿದರು. ಆಮೇಲೆ ಊರಿನ ಸವರ್ಣೀಯರು ಏನು ಮಾಡಿದರು? ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಗಡಿಗೆ ಸುರಿದು ಕೆರೆಯನ್ನ "ಶುದ್ಧ" ಮಾಡಿದರು.

ಇನ್ನೊಂದು ಸಲ ಓದಿ. ಕುಡಿಯೋ ನೀರಿಗೆ ಸಗಣಿ ಸುರಿದು ಶುದ್ಧ ಮಾಡಿದರು. ಮಡಿಗೂ ನೈರ್ಮಲ್ಯಕ್ಕೂ ಇರೋ ದೂರ ತಿಳಿಯೋಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಈ ರೋಗ ನಮ್ಮದು ಮಾತ್ರ ಅಲ್ಲ. ಅಮೆರಿಕದ ಮಿಸಿಸಿಪಿಯ ಜಾಕ್ಸನ್ ನಗರ, ಕಪ್ಪು ಜನರ ಜೊತೆ ಒಂದೇ ನೀರಿಗೆ ಇಳಿಯಬೇಕಾಗುತ್ತೆ ಅಂದಾಗ ತನ್ನ ಸಾರ್ವಜನಿಕ ಕೊಳಗಳನ್ನೇ ಮುಚ್ಚಿತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದು ಸರಿ ಅಂತ ಎತ್ತಿಹಿಡೀತು.

ಇವತ್ತಿನ ಕೊಳಕ್ಕೆ ಬನ್ನಿ. ನಾನು ಈಜು ಕಲಿತ ಕೊಳದ ಗೋಡೆ ಮೇಲೆ "ಮುಟ್ಟಾದ ಮಹಿಳೆಯರಿಗೆ ಪ್ರವೇಶವಿಲ್ಲ" ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಶವರ್ ಕಡ್ಡಾಯ ಅನ್ನೋದು ಕೆಳಗೆ ಎಲ್ಲೋ, ಪೇಂಟ್ ಉದುರಿ ಅರ್ಧ ಹೋಗಿತ್ತು. ಕಪ್ ಅಥವಾ ಟ್ಯಾಂಪನ್ ಇಟ್ಟುಕೊಂಡವಳಿಂದ ನೀರಿಗೆ ಏನೂ ಹೋಗಲ್ಲ. ಅವಳನ್ನ ತಡೀತಾರೆ. ನಾಲ್ಕು ಕಿಲೋಮೀಟರ್ ಓಡಿ ಬಂದು, ಮೈ ಒರೆಸದೆ ಹಾರುವವನನ್ನ "ಬನ್ನಿ ಸಾರ್" ಅಂತಾರೆ.

ಬಟ್ಟೆ ನಿಯಮವೂ ಹಾಗೇ. ಹತ್ತಿ ಬಟ್ಟೆ ಬೇಡ ಅನ್ನೋದಕ್ಕೆ ಕಾರಣ ಇದೆ: ನೂಲು ಬಿಟ್ಟು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತೆ, ಒಗೆದ ಸೋಪಿನ ಪುಡಿಯೂ ನೀರಿಗೆ ಬಿಡುತ್ತೆ. ಆದರೆ ಪೂರ್ತಿ ಮೈ ಮುಚ್ಚೋ ಈಜುಡುಗೆ ನೈಲಾನ್‌ದೋ ಪಾಲಿಯೆಸ್ಟರ್‌ದೋ ಆಗಿದ್ದರೆ ಯಾವ ತೊಂದರೆಯೂ ಇಲ್ಲ. ನಿಯಮ ಇರಬೇಕಾದ್ದು ನೂಲಿನ ಬಗ್ಗೆ, ಹೆಣ್ಣುಮಕ್ಕಳ ಕಾಲು ಎಷ್ಟು ಕಾಣಬೇಕು ಅನ್ನೋದರ ಬಗ್ಗೆ ಅಲ್ಲ.

[6/8] ನಿಮ್ಮ ಆಕ್ಷೇಪಣೆಗಳು

ಇಷ್ಟು ಹೊತ್ತಿಗೆ ಕಮೆಂಟ್‌ನಲ್ಲಿ ಇವು ಬಂದೇ ಬಂದಿರುತ್ತೆ. ಒಂದೊಂದಾಗಿ ನೋಡೋಣ.

"ಮನೆಯಲ್ಲಿ ಬೆಳಿಗ್ಗೆಯೇ ಸ್ನಾನ ಆಗಿದೆ."
ಸಂತೋಷ. ಆಮೇಲೆ ಹಾಕಿಕೊಂಡ ಡಿಯೋಡರೆಂಟ್, ಸನ್‌ಸ್ಕ್ರೀನ್? ಟ್ರಾಫಿಕ್‌ನಲ್ಲಿ ಬಂದ ಬೆವರು, ಧೂಳು? ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಸಿಡಿಸಿ ಕೇಳೋದು ಇಳಿಯೋ ಮುಂಚೆ ಬರೀ ಒಂದು ನಿಮಿಷ. ಆ ಒಂದು ನಿಮಿಷದ ನೀರಲ್ಲೇ ಮೈಮೇಲಿನ ಬಹುಪಾಲು ಕೊಳೆ ಹೋಗಿಬಿಡುತ್ತೆ.

"ನೀರು ವೇಸ್ಟ್."
ಇದು ಒಳ್ಳೆ ಪ್ರಶ್ನೆ. ಲೆಕ್ಕ ಹಾಕೋಣ. ಒಂದು ನಿಮಿಷದ ಶವರ್‌ಗೆ ಅಂದಾಜು 10 ಲೀಟರ್. ಜರ್ಮನಿಯ ಈಜುಕೊಳದ ಮಾನದಂಡದಲ್ಲಿ, ಕೊಳೆ ತಿಳಿಯಾಗೋಕೆ ಅಂತ ಒಬ್ಬೊಬ್ಬರ ಲೆಕ್ಕಕ್ಕೂ 30 ಲೀಟರ್ ಹೊಸ ನೀರು ಸೇರಿಸಬೇಕು. ಕೊಳೆ ಹೆಚ್ಚಾದಷ್ಟೂ ನೀರು ಹೆಚ್ಚು ಬದಲಿಸಬೇಕು. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳ ಹಿಡಿಯೋದು ಸುಮಾರು 4.7 ಲಕ್ಷ ಲೀಟರ್. ಪೂರ್ತಿ ಕೆಟ್ಟು ಖಾಲಿ ಮಾಡಬೇಕಾಗಿ ಬಂದರೆ 12,000 ಲೀಟರಿನ ಟ್ಯಾಂಕರ್ ಸುಮಾರು 39 ಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಈಜುಕೊಳಕ್ಕೆ ಕುಡಿಯೋ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನೆನಪಿದೆಯಲ್ಲ? ನೀರಿನ ಮೇಲೆ ಪ್ರೀತಿ ಇರೋರು ಮೊದಲು ಶವರ್ ಕೆಳಗೆ ನಿಲ್ಲಬೇಕು.

"ಕೂದಲು ಹಾಳಾಗುತ್ತೆ, ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಕೊಂಡು ಬರ್ತೀನಿ."
ಆ ಎಣ್ಣೆ ತೇಲಿ ಹೋಗಿ ಟೈಲ್ಸ್ ಅಂಚಿಗೆ ಜಿಡ್ಡಿನ ಗೆರೆಯಾಗಿ ಕೂರುತ್ತೆ. ಎಣ್ಣೆ ಬದಲು ಶವರ್‌ನಲ್ಲಿ ತಲೆ ಪೂರ್ತಿ ನೆನೆಸಿ, ಮೇಲೆ ಕ್ಯಾಪ್ ಹಾಕಿ. ಮೊದಲೇ ಒಳ್ಳೆ ನೀರು ಕುಡಿದ ಕೂದಲು ಕೊಳದ ನೀರನ್ನ ಕಡಿಮೆ ಹೀರುತ್ತೆ.

"ಕ್ಲೋರಿನ್ ಇದೆಯಲ್ಲ, ಎಲ್ಲ ಸಾಯುತ್ತೆ."
ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಭೇದಿಯ ಪರಾವಲಂಬಿ, ಸರಿಯಾಗಿ ಕ್ಲೋರಿನ್ ಹಾಕಿದ ನೀರಲ್ಲೂ ಏಳು ದಿನಕ್ಕಿಂತ ಹೆಚ್ಚು ಬದುಕಬಲ್ಲದು. ಹೊಟ್ಟೆ ಕೆಟ್ಟಿದ್ದರೆ ಕೊಳಕ್ಕೆ ಬರಲೇಬೇಡಿ. ಫೀಸ್ ಕಟ್ಟಿದ್ದೀನಿ ಅನ್ನೋದು ಕಾರಣ ಅಲ್ಲ.

[7/8] ಈಗ ಕೊಳ ನಡೆಸೋರಿಗೆ

ಈಜೋರಿಗೆ ಮಾತ್ರ ಬೈದು ಮುಗಿಸಿದರೆ ಅದು ಮೋಸ. ಬಹಳ ಕೊಳಗಳಲ್ಲಿ ಶವರ್ ಅಂದ್ರೆ ಗೋಡೆಗೆ ಹೊಡೆದ ಒಂದು ಪೈಪು. ತಿರುಗಿಸಿದರೆ ನೀರು ಬರಲ್ಲ, ಬಂದರೆ ನಿಲ್ಲಲ್ಲ. ಹೆಂಗಸರ ಕಡೆ ಬಾಗಿಲಿಗೆ ಚಿಲಕ ಇಲ್ಲ. ಟಾಯ್ಲೆಟ್ ಇರೋದು ಕಟ್ಟಡದ ಆ ತುದಿಗೆ, ಒದ್ದೆ ಕಾಲಲ್ಲಿ ಮಗುವನ್ನ ಎತ್ಕೊಂಡು ಜಾರಿ ಜಾರಿ ಹೋಗಬೇಕು. ಹೀಗೆ ಕಟ್ಟಿಟ್ಟು, "ದಯವಿಟ್ಟು ಸ್ವಚ್ಛತೆ ಕಾಪಾಡಿ" ಅಂತ ಬೋರ್ಡ್ ಹಾಕೋದು ಹಾಸ್ಯ.

ವಾಸನೆ ಬಂತು ಅಂತ ದೂರು ಕೊಟ್ಟರೆ ಬರೋ ಉತ್ತರ: "ಕ್ಲೋರಿನ್ ಜಾಸ್ತಿ ಆಯ್ತೇನೋ, ನಾಳೆ ಕಮ್ಮಿ ಹಾಕ್ತೀವಿ." ಅಯ್ಯೋ! ಕಟ್ಟುಬಿದ್ದಿರೋ ಕ್ಲೋರಿನ್ ಒಡೀಬೇಕಾದರೆ, ಜನ ಇಲ್ಲದ ಹೊತ್ತಲ್ಲಿ ಅಳತೆ ಮಾಡಿ ಹೆಚ್ಚು ಹಾಕಬೇಕು, ಕಿಟಕಿ ಬಾಗಿಲು ತೆರೆದು ಗಾಳಿ ಬಿಡಬೇಕು, ಹೊಸ ನೀರು ಸೇರಿಸಬೇಕು. ಕಮ್ಮಿ ಹಾಕಿದರೆ ವಾಸನೆಯೂ ಉಳಿಯುತ್ತೆ, ರೋಗಾಣುವೂ ಉಳಿಯುತ್ತೆ.

ನಾವು ಕೇಳಬೇಕಾದ್ದು ಇಷ್ಟು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ:

1. ಬಟ್ಟೆ ಬದಲಿಸೋ ಕೋಣೆಯಿಂದ ಕೊಳಕ್ಕೆ ಹೋಗೋ ದಾರಿಯಲ್ಲೇ ಶವರ್. ಬಾಗಿಲು, ಚಿಲಕ, ಸೋಪು ಸಮೇತ.

2. ಪ್ರವೇಶದಲ್ಲಿ ಒಂದು ಬೋರ್ಡ್. ಇವತ್ತಿನ ಫ್ರೀ ಕ್ಲೋರಿನ್, ಕಂಬೈನ್ಡ್ ಕ್ಲೋರಿನ್, ಪಿಎಚ್, ಅಳೆದ ಹೊತ್ತು, ಅಳೆದವರ ಸಹಿ. ಸಿಡಿಸಿ ಪ್ರಕಾರ ಫ್ರೀ ಕ್ಲೋರಿನ್ ಕನಿಷ್ಠ 1 ಪಿಪಿಎಂ, ಪಿಎಚ್ 7.0ರಿಂದ 7.8ರ ಒಳಗೆ. ಕಂಬೈನ್ಡ್ ಕ್ಲೋರಿನ್ 0.4 ಪಿಪಿಎಂ ದಾಟಿದರೆ ಕ್ರಮ ತಗೋಬೇಕು.

3. ಎಕ್ಸಾಸ್ಟ್ ಫ್ಯಾನ್ ಓಡಲಿ. ಕರೆಂಟ್ ಬಿಲ್ ಉಳಿಸೋಕೆ ಅಂತ ಆಫ್ ಮಾಡಿ ಇಡೋದು ಬೇಡ.

4. ಒಂದು ಬ್ಯಾಚ್‌ಗೆ ಎಷ್ಟು ಜನ ಅನ್ನೋ ಮಿತಿ. ಬೇಸಿಗೆ ರಜೆಯಲ್ಲೂ ಅದೇ ಮಿತಿ.

5. ಕೊಳದ ಹತ್ತಿರವೇ ಟಾಯ್ಲೆಟ್, ಮಕ್ಕಳ ಬ್ಯಾಚ್‌ಗೆ ನಡುವೆ ಟಾಯ್ಲೆಟ್ ಬ್ರೇಕ್.

6. ಲೈಫ್‌ಗಾರ್ಡ್, ಕೋಚ್‌ಗಳಿಗೆ ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ.

ಇದರಲ್ಲಿ ಯಾವುದೂ ಐಷಾರಾಮ ಅಲ್ಲ. ಫೀಸ್ ರಸೀದಿ ಕೊಡೋ ಕೌಂಟರ್‌ನಲ್ಲೇ ಕೇಳಿ. ಒಬ್ಬರೇ ಕೇಳಿದರೆ "ನೋಡ್ತೀವಿ" ಅಂತಾರೆ. ಬ್ಯಾಚ್‌ನ ಇಪ್ಪತ್ತು ಜನ ಸಹಿ ಹಾಕಿ ಕೊಟ್ಟರೆ ನಿಜವಾಗಲೂ ನೋಡ್ತಾರೆ.

[8/8] ಕಳ್ಕೊಳ್ಳೋದು ಯಾರು?

ಕೊನೇದಾಗಿ, ಒಂದು ಶವರ್‌ಗೆ ಇಷ್ಟೊಂದು ರಂಪ ಯಾಕೆ ಅನ್ನೋದಕ್ಕೆ ಉತ್ತರ.

ಸಾರ್ವಜನಿಕ ಕೊಳ ಕೊಳಕಾದಾಗ ಮೊದಲು ಹೋಗೋರು ದುಡ್ಡಿರೋರು. ಅವರಿಗೆ ಕ್ಲಬ್ ಇದೆ, ಅಪಾರ್ಟ್‌ಮೆಂಟಿನ ಕೊಳ ಇದೆ. ಅವರ ಹಿಂದೆ ದೂರು ಕೊಡೋ ದನಿ, ಅಧಿಕಾರಿಗಳ ಪರಿಚಯ ಎಲ್ಲ ಹೋಗುತ್ತೆ. ಆಮೇಲೆ "ಜನ ಬರ್ತಿಲ್ಲ" ಅಂತ ರಿಪೇರಿ ನಿಲ್ಲುತ್ತೆ. ಆಮೇಲೆ ಒಂದು ದಿನ ಗೇಟಿಗೆ ಬೀಗ. ಉಳಿದವರಿಗೆ ಉಳಿಯೋದು ಏನು? ಕೆರೆ, ಬಾವಿ, ಕೃಷಿಹೊಂಡ, ಕಲ್ಲುಕ್ವಾರಿ. ಪ್ರತಿ ಬೇಸಿಗೆ ರಜೆಯಲ್ಲೂ "ಈಜಲು ಹೋದ ಬಾಲಕರು ನೀರುಪಾಲು" ಅಂತ ಓದ್ತೀವಲ್ಲ, ಆ ಸುದ್ದಿ ಬರೋ ಜಾಗಗಳು ಇವೇ. ಈಜು ಅನ್ನೋದು ಹವ್ಯಾಸ ಅಲ್ಲ, ಜೀವ ಉಳಿಸೋ ವಿದ್ಯೆ. ಅದನ್ನ ಕಮ್ಮಿ ದುಡ್ಡಿಗೆ, ಲೈಫ್‌ಗಾರ್ಡ್ ಎದುರು, ಕಾಲು ನಿಲ್ಲೋ ಆಳದಲ್ಲಿ ಕಲಿಯೋಕೆ ಸಾಧಾರಣ ಮನೆಯ ಮಗುವಿಗೆ ಇರೋ ಜಾಗ ಸಾರ್ವಜನಿಕ ಕೊಳ ಒಂದೇ.

ಯೋಚಿಸಿ ನೋಡಿ, ನಮ್ಮ ಊರಲ್ಲಿ ಇಂಥ ಜಾಗ ಇನ್ನೆಲ್ಲಿದೆ? ಬಸ್ಸಿನಲ್ಲಿ ಪಕ್ಕ ಕೂರ್ತೀವಿ, ಆದರೆ ಮಧ್ಯೆ ಬ್ಯಾಗ್ ಇಟ್ಕೊಳ್ತೀವಿ. ಕೊಳದಲ್ಲಿ ಏನೂ ಅಡ್ಡ ಇಲ್ಲ. ಆಟೋ ಓಡಿಸೋರು, ಬ್ಯಾಂಕ್ ಮೇಡಮ್ಮು, ಪಿಯುಸಿ ಹುಡುಗಿ, ಮಂಡಿನೋವಿನ ಅಜ್ಜ, ಎಲ್ಲರ ಮೈಗೂ ತಾಗೋದು ಒಂದೇ ನೀರು. ಜಾತಿ ಕೇಳದೆ, ಸಂಬಳ ಕೇಳದೆ ಒಂದೇ ನೀರು. ಇಂಥ ನೀರಿಗಾಗಿ ಮಹಾಡ್‌ನಲ್ಲಿ ಜನ ಪೆಟ್ಟು ತಿಂದಿದಾರೆ. ಅದನ್ನ ಉಳಿಸಿಕೊಳ್ಳೋಕೆ ನಾವು ಕೊಡಬೇಕಾಗಿರೋದು ಒಂದು ನಿಮಿಷ.

ನಾಳೆ ಬ್ಯಾಚ್‌ಗೆ ಹೋದಾಗ ಟಾಯ್ಲೆಟ್‌ಗೆ ಹೋಗಿ ಬನ್ನಿ. ಶವರ್ ಕೆಳಗೆ ನಿಂತು ಅರವತ್ತು ಎಣಿಸಿ. ಕ್ಯಾಪ್ ಹಾಕಿ. ಮಗುವನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿ. ಯಾರಾದರೂ ನೇರ ಹಾರೋಕೆ ಬಂದರೆ, ಬೈಯದೆ, ನಗುತ್ತಾ, "ಸಾರ್, ಶವರ್ ಈ ಕಡೆ" ಅನ್ನಿ.

ಶವರ್‌ನಲ್ಲಿ ನೀರೇ ಬರದಿದ್ದರೆ? ಏಳನೇ ಪೋಸ್ಟ್‌ನ ಪಟ್ಟಿ ಪ್ರಿಂಟ್ ಮಾಡಿಸಿ, ಕೌಂಟರ್ ಮೇಲೆ ಇಡಿ.

ನಿಮ್ಮ ಕೊಳದಲ್ಲಿ ಶವರ್ ಕೆಲಸ ಮಾಡುತ್ತಾ? ನೀರಿನ ಅಳತೆಯ ಬೋರ್ಡ್ ಇದೆಯಾ? ಕಮೆಂಟ್‌ನಲ್ಲಿ ಹೌದು ಅಥವಾ ಇಲ್ಲ ಅಂತ ಬರೀರಿ. ಜೊತೆಗೆ ಈಜೋ ಗೆಳೆಯರಿಗೆ ಕಳಿಸಿ, ಮುಖ್ಯವಾಗಿ ಎಣ್ಣೆ ಹಚ್ಕೊಂಡು ಬರೋರಿಗೆ.

#ಈಜುಕೊಳ #ಮೊದಲುಶವರ್ #ಒಂದೇನೀರು #ಸಾರ್ವಜನಿಕಈಜುಕೊಳ #ಕನ್ನಡಬರಹ